ಶಿಶುವಿಹಾರದಿಂದ ಎಂಟನೇ ತರಗತಿಗೆ: ಬೆಸುಗೆ ಬಿಡುತ್ತಿರುವುದೆಲ್ಲಿ?

ನಮ್ಮ ನಾಡಿನಲ್ಲಿ ಮಠಗಳು ಶಿಕ್ಷಣಕ್ಕೆ ಕೈಹಾಕಿದ ಚರಿತ್ರೆ ಬಹುಮಟ್ಟಿಗೆ ಮೇಲಿನಿಂದ ಕೆಳಕ್ಕೆ ಇಳಿದು ಬಂದ ಚರಿತ್ರೆ. ಮೊದಲು ಬಂದದ್ದು ಸಂಸ್ಕೃತ ಪಾಠಶಾಲೆ, ಉಚಿತ ಪ್ರಸಾದ ನಿಲಯ, ಪ್ರೌಢಶಾಲೆ. ಹಳ್ಳಿಯ ಹುಡುಗ ಊರ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿ ಮುಂದೆ ದಾರಿ ಕಾಣದೆ ನಿಂತಾಗ ಅವನ ಕೈಹಿಡಿದದ್ದು ಮಠ. ಆಮೇಲೆ ಕಾಲೇಜುಗಳು ಬಂದವು. ಪ್ರಾಥಮಿಕ ಶಾಲೆ, ಎಲ್‌ಕೆಜಿ, ಯುಕೆಜಿಗಳು ಬಹಳ ಕಡೆ ಸೇರಿಕೊಂಡದ್ದು ಕೊನೆಗೆ. ಹೀಗಾಗಿ ಒಂದೊಂದು ಹಂತವೂ ಒಂದೊಂದು ಕಾಲದಲ್ಲಿ, ಒಂದೊಂದು ಅಗತ್ಯಕ್ಕೆ, ಬೇರೆ ಬೇರೆ ಮುಖ್ಯೋಪಾಧ್ಯಾಯರ ಕೈಯಲ್ಲಿ ಬೆಳೆಯಿತು. ಇಂದು ಆವರಣ ಒಂದೇ, ಬೋರ್ಡು ಒಂದೇ, ಆಡಳಿತ ಮಂಡಳಿಯೂ ಒಂದೇ. ಆದರೆ ಶಿಶುವಿಹಾರದ ಶಿಕ್ಷಕಿಯೂ ಎಂಟನೇ ತರಗತಿಯ ಗಣಿತದ ಮೇಷ್ಟರೂ ಒಟ್ಟಿಗೆ ಕುಳಿತು ಪಾಠದ ಬಗ್ಗೆ ಮಾತಾಡಿದ ದಿನ ವರ್ಷಕ್ಕೊಂದು ಇದೆಯೇ? ನನಗೆ ಅನುಮಾನ.

ನೀರಿನ ಟ್ಯಾಂಕು ಸೋರಿದರೆ ನಾವು ಎಂಜಿನಿಯರುಗಳು ಮೊದಲು ನೋಡುವುದು ಗೋಡೆಯ ನಡುಭಾಗವನ್ನಲ್ಲ. ನಿನ್ನೆ ಹಾಕಿದ ಕಾಂಕ್ರೀಟಿಗೆ ಇಂದಿನ ಕಾಂಕ್ರೀಟು ಕೂಡಿದ ಜಾಯಿಂಟನ್ನು. ಎರಡೂ ಗಟ್ಟಿಯಾಗಿಯೇ ಇರಬಹುದು, ಕೂಡಿದ ಜಾಗ ಮಾತ್ರ ಕೂಡಿರುವುದಿಲ್ಲ. ಶಾಲೆಯ ಪಠ್ಯಕ್ರಮವೂ ಹಾಗೆಯೇ ಎಂದು ನನ್ನ ಅನಿಸಿಕೆ. ನಾವು ಪ್ರತಿ ತರಗತಿಯ ಫಲಿತಾಂಶ ನೋಡುತ್ತೇವೆ. ತರಗತಿ ತರಗತಿಗಳ ನಡುವಿನ ಜಾಯಿಂಟನ್ನು ಯಾರೂ ನೋಡುತ್ತಿಲ್ಲ.

ಒಂದೇ ವಿಷಯವನ್ನು ಹಿಡಿದು ಕೆಳಗಿನಿಂದ ಮೇಲಕ್ಕೆ ಹೋಗಿ ನೋಡೋಣ. ಅಳತೆಯನ್ನೇ ತೆಗೆದುಕೊಳ್ಳಿ. ಶಿಶುವಿಹಾರದಲ್ಲಿ ಮಗು ಕಲಿಯಬೇಕಾದದ್ದು ದೊಡ್ಡದು ಚಿಕ್ಕದು, ಉದ್ದ ಗಿಡ್ಡ, ಹೆಚ್ಚು ಕಡಿಮೆ. ಅದೂ ಪುಸ್ತಕದಲ್ಲಲ್ಲ, ಮರಳು ತುಂಬಿ ಸುರಿದು, ಮಣಿ ಪೋಣಿಸಿ. ಒಂದು ಎರಡನೇ ತರಗತಿಯಲ್ಲಿ ಗೇಣು, ಮೊಳ, ಹೆಜ್ಜೆ. ಶಿಕ್ಷಕಿಯ ಗೇಣಿಗೆ ಬೆಂಚು ಎಂಟು ಗೇಣು, ಮಗುವಿನ ಗೇಣಿಗೆ ಹನ್ನೆರಡು ಎಂದು ಬಂದಾಗ, ಎಲ್ಲರಿಗೂ ಒಂದೇ ಅಳತೆ ಯಾಕೆ ಬೇಕು ಎಂಬುದು ಮಗುವಿಗೆ ತಾನಾಗಿ ಹೊಳೆಯುತ್ತದೆ. ಆ ಹೊಳಹಿನ ಮೇಲೆ ಮೂರನೇ ತರಗತಿಯ ಸೆಂಟಿಮೀಟರು, ಮೀಟರು ನಿಲ್ಲುತ್ತವೆ. ನಾಲ್ಕರಲ್ಲಿ ಹೊಲದ ಸುತ್ತ ಬೇಲಿಗೆ ಎಷ್ಟು ತಂತಿ ಬೇಕು ಎಂಬ ಸುತ್ತಳತೆ. ಐದರಲ್ಲಿ ಚೌಕಳಿ ಹಾಳೆಯ ಮೇಲೆ ಚೌಕಗಳನ್ನು ಎಣಿಸಿ ವಿಸ್ತೀರ್ಣ. ಆರರಲ್ಲಿ ಉದ್ದ ಅಗಲಗಳ ಗುಣಾಕಾರದ ಸೂತ್ರ. ಏಳರಲ್ಲಿ ತ್ರಿಭುಜ, ಸಮಾಂತರ ಚತುರ್ಭುಜ, ವೃತ್ತ. ಎಂಟರಲ್ಲಿ ತ್ರಾಪಿಜ್ಯ, ಸಿಲಿಂಡರಿನ ಘನಫಲ. ಇಲ್ಲಿಗೆ ಮಗು ಊರ ಓವರ್‌ಹೆಡ್ ಟ್ಯಾಂಕಿನಲ್ಲಿ ಎಷ್ಟು ಲೀಟರು ನೀರು ಹಿಡಿಯುತ್ತದೆ ಎಂದು ಲೆಕ್ಕ ಹಾಕಬಲ್ಲದು. ಅಳತೆ ಪುಸ್ತಕ, ನಮ್ಮ ಇಲಾಖೆಯ ಮಾತಿನಲ್ಲಿ ಎಂ.ಬಿ., ಬರೆಯುವ ಕೆಲಸವೆಲ್ಲ ನಿಂತಿರುವುದು ಇದೇ ಮೆಟ್ಟಿಲುಗಳ ಮೇಲೆ.

ಇದರಲ್ಲಿ ಐದನೇ ತರಗತಿಯ ಚೌಕ ಎಣಿಸುವ ಕೆಲಸವನ್ನು "ಸಮಯವಿಲ್ಲ" ಎಂದು ಬಿಟ್ಟು ನೇರ ಸೂತ್ರ ಬರೆಸಿದರೆ ಏನಾಗುತ್ತದೆ? ಆರರಲ್ಲಿ ಅಂಕ ಬರುತ್ತದೆ, ಏಳರಲ್ಲೂ ಬರಬಹುದು. ಎಂಟರಲ್ಲಿ ಮಗು ಮೀಟರು, ಚದರ ಮೀಟರು, ಘನ ಮೀಟರುಗಳ ನಡುವೆ ದಾರಿ ತಪ್ಪುತ್ತದೆ. ಒಂದು ಘನ ಮೀಟರೆಂದರೆ 1000 ಲೀಟರು ಎಂದು ಬಾಯಲ್ಲಿ ಹೇಳುತ್ತದೆ, ಆ ಪೆಟ್ಟಿಗೆ ಎಷ್ಟು ದೊಡ್ಡದು ಎಂದು ಕೈಯಲ್ಲಿ ತೋರಿಸಲಾರದು. ಆಗ ಎಂಟನೇ ತರಗತಿಯ ಮೇಷ್ಟರು "ಕೆಳಗಿನವರು ಏನೂ ಕಲಿಸಿಲ್ಲ" ಎನ್ನುತ್ತಾರೆ. ಮಗುವಿಗೆ "ಗಣಿತ ಹತ್ತದ ಹುಡುಗ" ಎಂಬ ಹೆಸರು ಬೀಳುತ್ತದೆ.

ಇಂಥ ಜಾಯಿಂಟುಗಳು ಮುಖ್ಯವಾಗಿ ಮೂರು.

ಮೊದಲನೆಯದು ಯುಕೆಜಿಗೂ ಒಂದನೇ ತರಗತಿಗೂ ನಡುವಿನದು. ಇಲ್ಲಿ ತೊಂದರೆ ಬರುವುದು ಅವಸರದಿಂದ. ಒಂದನೇ ತರಗತಿಯ ಪಾಠವನ್ನು ಎಲ್‌ಕೆಜಿಗೆ ಎಳೆದು ತಂದಿದ್ದೇವೆ. ನಾಲ್ಕು ವರ್ಷದ ಬೆರಳು ಪೆನ್ಸಿಲ್ ಹಿಡಿಯಲು ಇನ್ನೂ ಬಲಿತಿರುವುದಿಲ್ಲ, ನಾವು ಕಾಪಿ ಬರೆಸುತ್ತೇವೆ. ನೂರರವರೆಗೆ ಒಪ್ಪಿಸುವ ಮಗುವಿಗೆ ಏಳು ಹುಣಸೆಬೀಜ ಎಣಿಸಿ ಕೊಡು ಎಂದರೆ ತಡವರಿಸುತ್ತದೆ. ನಮ್ಮ ಮನೆಗಳ ಅಳಗುಳಿ ಮಣೆ ಮಾಡುತ್ತಿದ್ದ ಕೆಲಸವನ್ನು ದುಬಾರಿ ವರ್ಕ್‌ಬುಕ್ಕು ಮಾಡುತ್ತಿಲ್ಲ. 2020ರ ಶಾಲಾ ಬ್ಯಾಗ್ ನೀತಿ ಎರಡನೇ ತರಗತಿಯವರೆಗೆ ಮನೆಗೆಲಸವೇ ಬೇಡ ಎನ್ನುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರವೇಶಕ್ಕಾಗಿ ಮಗುವನ್ನಾಗಲಿ ತಂದೆತಾಯಿಯರನ್ನಾಗಲಿ ಪರೀಕ್ಷಿಸಬಾರದು ಎನ್ನುತ್ತದೆ. ಹೀಗಿರುವಾಗ ಮೂರು ವರ್ಷದ ಕೂಸಿಗೆ "ಇಂಟರ್‌ವ್ಯೂ" ಮಾಡುವ ಪದ್ಧತಿ ಮಠದ ಹೆಸರಿರುವ ಯಾವ ಶಾಲೆಯಲ್ಲೂ ಇರಬಾರದು.

ಎರಡನೆಯದು ಮೂರನೇ ತರಗತಿಗೂ ನಾಲ್ಕಕ್ಕೂ ನಡುವಿನದು. ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದದ್ದು. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಅದು ಬಹಳಷ್ಟು ಪಡೆಯಿತು. ಅಲ್ಲಿ ಕಲಿಕೆಯ ಏಣಿ ಇದೆ, ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತುತ್ತದೆ. ಸುಗ್ಗಿಯ ಕಾಲದಲ್ಲಿ ಹದಿನೈದು ದಿನ ಬರದಿದ್ದ ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಅಕ್ಷರವನ್ನೂ ಅಲ್ಲಿ ಅ ಆ ಇ ಈ ಕ್ರಮದಲ್ಲಿ ಕಲಿಸುವುದಿಲ್ಲ. ರ, ಗ, ಸ, ದ, ಅ ಎಂಬ ಐದರಿಂದ ಶುರು. ಏಕೆಂದರೆ ಈ ಐದು ಬಂದರೆ ಸರ, ಅರಸ, ಅಗಸ, ಗರಗಸ ಎಂದು ಮಗು ಮೊದಲ ವಾರಗಳಲ್ಲೇ ಅರ್ಥವಿರುವ ಪದ ಓದಬಹುದು. ಇದನ್ನು ಯೋಚಿಸಿದವರಿಗೆ ನಮಸ್ಕಾರ ಹೇಳಬೇಕು. ಆದರೆ ನಾಲ್ಕಕ್ಕೆ ಬಂದೊಡನೆ ಏಣಿ ಮಾಯವಾಗುತ್ತದೆ. ಇಡೀ ತರಗತಿ ಒಂದೇ ಪುಸ್ತಕ, ಒಂದೇ ಪುಟ, ಒಂದೇ ವೇಗ. ಹಿಂದೆ ಉಳಿದ ಮಗುವನ್ನು ಕಾಯುವವರಿಲ್ಲ. ಖಾಸಗಿ ಶಾಲೆಗಳಲ್ಲಂತೂ ಏಣಿಯ ಮಾತೇ ಇಲ್ಲ.

ಮೂರನೆಯದು, ನಮ್ಮ ಸಂಸ್ಥೆಗಳಿಗೆ ಹೆಚ್ಚು ಸಂಬಂಧಪಟ್ಟದ್ದು, ಏಳಕ್ಕೂ ಎಂಟಕ್ಕೂ ನಡುವಿನದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಪ್ರಾಥಮಿಕ ಶಿಕ್ಷಣದ ಕೊನೆಯ ಮೆಟ್ಟಿಲು. ನಮ್ಮ ರಾಜ್ಯದ ರೂಢಿಯಲ್ಲಿ ಅದು ಪ್ರೌಢಶಾಲೆಯ ಮೊದಲ ಮೆಟ್ಟಿಲು. 2020ರ ಕೇಂದ್ರ ನೀತಿಯ 5+3+3+4 ವಿಂಗಡಣೆಯೂ 6ರಿಂದ 8ನ್ನು ಒಂದೇ ಘಟ್ಟ ಎನ್ನುತ್ತದೆ. ಪ್ರೊ. ಸುಖದೇವ್ ಥೋರಟ್ ಅವರ ರಾಜ್ಯ ಶಿಕ್ಷಣ ನೀತಿ ಆಯೋಗ 2025ರಲ್ಲಿ ಸೂಚಿಸಿದ 2+8+4 ವಿಂಗಡಣೆಯೂ ಎಂಟನ್ನು ಕೆಳಗಿನ ಹಂತಕ್ಕೇ ಸೇರಿಸುತ್ತದೆ. ಬೇರೆ ವಿಷಯಗಳಲ್ಲಿ ಜಗಳವಾಡುವ ಎರಡು ನೀತಿಗಳು ಇದೊಂದರಲ್ಲಿ ಒಂದಾಗಿವೆ. ಆದರೆ ಕಟ್ಟಡದ ಮಟ್ಟಿಗೆ ನೋಡಿದರೆ ಎಂಟನೇ ತರಗತಿಯ ಮಗು ಬಹಳ ಕಡೆ ಇಂದಿಗೂ ಹೊಸ ಊರಿಗೆ, ಹೊಸ ಶಾಲೆಗೆ, ಹೊಸ ಹಾಸ್ಟೆಲ್ಲಿಗೆ ಬರುತ್ತದೆ. ಎಷ್ಟೋ ಮಕ್ಕಳಿಗೆ ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಬದಲಾವಣೆಯೂ ಅದೇ ಜೂನ್ ತಿಂಗಳಲ್ಲೇ. ಇಷ್ಟೆಲ್ಲ ಭಾರವನ್ನು ಒಂದೇ ಜಾಯಿಂಟಿನ ಮೇಲೆ ಹಾಕಿದರೆ ಬಿರುಕು ಬಿಡದೆ ಇನ್ನೇನು?

ಈ ಬಿರುಕಿನಲ್ಲಿ ಬೀಳುವವರು ಯಾರೆಂದು ಕೇಳಿಕೊಳ್ಳೋಣ. ಟ್ಯೂಷನ್ನಿಗೆ ದುಡ್ಡಿರುವ ಮನೆಯ ಮಗು ಬೀಳುವುದಿಲ್ಲ. ಬೀಳುವುದು ಕೂಲಿಯವರ ಮಗು, ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಂಡ ಮಗು. ಯಾರಿಗಾಗಿ ನಮ್ಮ ಹಿರಿಯರು ಪ್ರಸಾದ ನಿಲಯಗಳನ್ನು ತೆರೆದರೋ ಆ ಮಗು. ಅನ್ನ ಹಾಕಿ, ಹಾಸಿಗೆ ಕೊಟ್ಟು, ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೂರಿಸಿದರೆ ದಾಸೋಹ ಅರ್ಧಕ್ಕೇ ನಿಂತಂತೆ.

"ನರ್ಸರಿಯಲ್ಲಿ ಇಂಗ್ಲಿಷ್ ಬರೆಸದಿದ್ದರೆ ಪಾಲಕರು ಪಕ್ಕದ ಕಾನ್ವೆಂಟಿಗೆ ಹೋಗುತ್ತಾರೆ" ಎಂದು ಆಡಳಿತ ಮಂಡಳಿಯವರು ಹೇಳುತ್ತಾರೆ. ಈ ಭಯ ಸುಳ್ಳಲ್ಲ. ಶಿಕ್ಷಕರ ಸಂಬಳ, ಕಟ್ಟಡದ ಸಾಲ ಎಲ್ಲ ಪ್ರವೇಶದ ಸಂಖ್ಯೆಯ ಮೇಲೆಯೇ ನಿಂತಿವೆ. ಆದರೆ ಪಾಲಕರ ಮಾತು ಕೇಳುವುದಕ್ಕೂ ಪಾಲಕರಿಗೆ ತಿಳಿಹೇಳುವುದಕ್ಕೂ ಮಠದಷ್ಟು ಅಧಿಕಾರವಿರುವ ಸಂಸ್ಥೆ ನಮ್ಮ ಹಳ್ಳಿಗಳಲ್ಲಿ ಬೇರೆ ಇಲ್ಲ. ಬಾಲ್ಯವಿವಾಹ, ದುಂದಿನ ಮದುವೆಗಳ ವಿರುದ್ಧ ವೇದಿಕೆಯಿಂದ ಮಾತಾಡುವ ಪೂಜ್ಯರು "ನಾಲ್ಕು ವರ್ಷದ ಮಗುವಿಗೆ ಕಾಪಿ ಬೇಡ, ಕಥೆ ಬೇಕು" ಎಂದರೆ ಜನ ಕೇಳುತ್ತಾರೆ. ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಮನೆಮಾತಿನಲ್ಲಿ ಕಥೆ ಕೇಳಿ, ತಿರುಗಿ ಹೇಳಿ, ಪ್ರಶ್ನೆ ಕೇಳಿ ಬೆಳೆದ ಮಗು ಎರಡನೇ ಭಾಷೆಯನ್ನೂ ಚೆನ್ನಾಗಿ ಕಲಿಯುತ್ತದೆ.

ಖರ್ಚಿಲ್ಲದೆ, ಅಥವಾ ಸ್ವಲ್ಪ ಖರ್ಚಿನಲ್ಲಿ, ಮಾಡಬಹುದಾದ ನಾಲ್ಕು ಕೆಲಸಗಳನ್ನು ನಮ್ಮ ವಿದ್ಯಾಸಂಸ್ಥೆಗಳ ಮುಂದೆ ಇಡುತ್ತೇನೆ.

ಒಂದು, ವರ್ಷಕ್ಕೆ ಮೂರು ಬಾರಿ ಶಿಶುವಿಹಾರದಿಂದ ಎಂಟನೇ ತರಗತಿಯವರೆಗಿನ ಶಿಕ್ಷಕರು ಒಟ್ಟಿಗೆ ಕೂರಲಿ. ಪ್ರತಿ ಸಭೆಗೆ ಒಂದೇ ವಿಷಯ: ಅಳತೆ, ಭಿನ್ನರಾಶಿ, ಅಥವಾ ಓದು. ಯಾವ ಮೆಟ್ಟಿಲು ಎಲ್ಲಿ ತಪ್ಪಿದೆ ಎಂದು ಒಂದು ಹಾಳೆಯ ಮೇಲೆ ಬರೆಯಲಿ.

ಎರಡು, ವರ್ಷದ ಆರಂಭದ ಸೇತುಬಂಧವನ್ನು ದಾಖಲೆಗಾಗಿ ಮುಗಿಸದೆ, ಎಂಟನೇ ತರಗತಿಗೆ ಹೊಸದಾಗಿ ಬಂದ ಮಕ್ಕಳಿಗೆ ನಿಜವಾಗಿ ನಡೆಸಲಿ. ಹಿಂದೆ ಉಳಿದ ಮಕ್ಕಳಿಗೆ ಹಾಸ್ಟೆಲ್ಲಿನ ಸಂಜೆಯ ಒಂದು ಗಂಟೆ ದಸರೆಯವರೆಗೂ ಅದಕ್ಕೇ ಮೀಸಲಾಗಲಿ. ನಿವೃತ್ತ ಶಿಕ್ಷಕರೂ ನನ್ನಂಥ ನಿವೃತ್ತ ನೌಕರರೂ ಊರೂರಿನಲ್ಲಿದ್ದಾರೆ. ಕರೆದರೆ ಬರುತ್ತಾರೆ.

ಮೂರು, ಸುತ್ತಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳ ಏಳನೇ ತರಗತಿಯ ಶಿಕ್ಷಕರನ್ನು ವರ್ಷಕ್ಕೊಮ್ಮೆ ಮಠಕ್ಕೆ ಗೌರವದಿಂದ ಆಹ್ವಾನಿಸಿ ಮಾತಾಡಿಸಲಿ. ನಮ್ಮ ಪ್ರೌಢಶಾಲೆಗೆ ಮಕ್ಕಳನ್ನು ಕಳಿಸುವವರು ಅವರು.

ನಾಲ್ಕು, ಶಿಶುವಿಹಾರದ ಶಿಕ್ಷಕಿಯ ಸಂಬಳ. ಬಹಳ ಸಂಸ್ಥೆಗಳಲ್ಲಿ ಅತಿ ಕಡಿಮೆ ಸಂಬಳ ಇವರದೇ. ತರಬೇತಿಗೂ ಕೊನೆಗೆ ಕಳಿಸುವುದು ಇವರನ್ನೇ. ಕಟ್ಟಡದಲ್ಲಿ ತಳಪಾಯಕ್ಕೆ ಅಗ್ಗದ ಸಿಮೆಂಟು, ತಾರಸಿಗೆ ಒಳ್ಳೆಯದು ಎಂದು ಹೇಳುವ ಎಂಜಿನಿಯರನ್ನು ನೀವು ಮನೆಗೆ ಕಳಿಸುತ್ತೀರಿ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ಸಾರುವ ನಾವು ನಮ್ಮ ಹಾಜರಿ ಪುಸ್ತಕ, ಸಂಬಳದ ಪಟ್ಟಿಗಳಲ್ಲಿ ಆ ಮಾತು ಕಾಣುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು.

ನೀತಿಗಳು ಬರುತ್ತವೆ, ಸರ್ಕಾರದೊಂದಿಗೆ ಬದಲಾಗುತ್ತವೆ. ಹಂತಗಳ ಲೆಕ್ಕ ಐದಾಗಲಿ ಎರಡಾಗಲಿ, ಮಗು ಹತ್ತುವ ಮೆಟ್ಟಿಲು ಅದೇ. ಈ ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಪ್ರತಿ ಆಡಳಿತ ಮಂಡಳಿಯೂ ತನ್ನ ಮೂರು ಜಾಯಿಂಟುಗಳ ಬಗ್ಗೆ ಒಂದು ಸಭೆ ಮಾಡಲಿ. ಅದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಾಗಿಲ್ಲ.