ಪುಣ್ಯಾತ್ಗಿತ್ತಿ ಅಂದುಬಿಟ್ಟರೆ ಮುಗೀತಾ?

'ಲಿಟಲ್ ಫ್ಲವರ್' ಅಂತ ಬೋರ್ಡ್ ಇರೋ ಶಾಲೆಯನ್ನು ನೀವು ಎಲ್ಲಾದರೂ ನೋಡೇ ಇರ್ತೀರಿ. ಅದು ಯಾವುದೋ ಹೂವಿನ ಹೆಸರು ಅಂದುಕೊಂಡವರೇ ಜಾಸ್ತಿ. ಹೂವಲ್ಲ ಸ್ವಾಮಿ, ಒಬ್ಬ ಹುಡುಗಿ. ಫ್ರಾನ್ಸಿನ ಲಿಸ್ಯೂ ಅನ್ನೋ ಊರಿನ ಮಠದಲ್ಲಿ ಸನ್ಯಾಸಿನಿಯಾಗಿದ್ದು, 24ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡ ಸಂತ ತೆರೇಸಾ. ಕೋಲ್ಕತ್ತಾದ ಮದರ್ ತೆರೇಸಾ ತಮ್ಮ ಹೆಸರು ತಗೊಂಡಿದ್ದೂ ಇವಳಿಂದಲೇ. ಮಗಳ ಬಗ್ಗೆ ಜಗತ್ತು ಬೇಕಾದಷ್ಟು ಬರೆದಿದೆ. ನನ್ನ ತಕರಾರು ಇರೋದು ಅವಳ ತಾಯಿಯನ್ನು ನಾವು ನೆನೆಸಿಕೊಳ್ಳುವ ರೀತಿಯ ಬಗ್ಗೆ.

ತಾಯಿಯ ಹೆಸರು ಜೇಲಿ ಮಾರ್ಟಿನ್. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್ ಆಕೆಯನ್ನೂ ಗಂಡ ಲೂಯಿಯನ್ನೂ ಒಟ್ಟಿಗೇ ಸಂತರೆಂದು ಸಾರಿದರು. ಗಂಡ ಹೆಂಡತಿ ಜೋಡಿಯಾಗಿ ಸಂತರಾದದ್ದು ಅದೇ ಮೊದಲು. ಆಕೆಯ ಬಗ್ಗೆ ಎಲ್ಲಿ ಕೇಳಿದರೂ ಒಂದೇ ಕಥೆ: ಮಹಾ ದೈವಭಕ್ತೆ, ಬೆಳಗಿನ ಜಾವ ಐದೂವರೆಯ ಬಲಿಪೂಜೆ ತಪ್ಪಿಸಿದವಳಲ್ಲ, ಒಂಬತ್ತು ಮಕ್ಕಳನ್ನು ಹೆತ್ತಳು, ನಾಲ್ಕನ್ನು ಮಣ್ಣು ಮಾಡಿದಳು, ಉಳಿದ ಐದು ಹೆಣ್ಣುಮಕ್ಕಳೂ ಸನ್ಯಾಸಿನಿಯರಾದರು, ಸ್ತನ ಕ್ಯಾನ್ಸರಿನಿಂದ 45ಕ್ಕೇ ಹೋದಳು.

ಇದನ್ನು ಕೇಳಿ ಒಂದು ಗುಂಪು ಕೈ ಮುಗಿಯುತ್ತೆ. ಇನ್ನೊಂದು ಗುಂಪು ನಮ್ಮದು, ಆಫೀಸ್ ಕೆಫೆಟೇರಿಯಾದ್ದು. "ಒಂಬತ್ತಾ? ಪಾಪ ಕಣ್ರೀ" ಅಂತ ಲೊಚಗುಟ್ಟಿ, ಚರ್ಚನ್ನು ಎರಡು ಮಾತು ಬೈದು, ಕಾಫಿ ಕಪ್ ಬಿಸಾಕಿ ಎದ್ದು ಹೋಗ್ತೀವಿ. ಎರಡು ಗುಂಪಿಗೂ ಆಕೆ ಒಂದು ಹೊಟ್ಟೆ ಮತ್ತು ಒಂದು ಜಪಮಾಲೆ, ಅಷ್ಟೇ. ಬಲಿಪೂಜೆ ಮುಗಿಸಿ ಮನೆಗೆ ಬಂದ ಹೆಂಗಸು ರಾತ್ರಿ ಮಲಗುವ ತನಕ ಏನು ಮಾಡ್ತಿದ್ದಳು ಅನ್ನೋದು ಯಾರಿಗೂ ಬೇಕಿಲ್ಲ.

ಕಂಪನಿ ನಡೆಸ್ತಿದ್ದಳು.

ನಾರ್ಮಂಡಿಯ ಅಲಾಂಸೋಂ ಊರು ಸೂಜಿಯಲ್ಲಿ ಮಾಡುವ ಲೇಸಿಗೆ ಹೆಸರುವಾಸಿ. ಒಂದು ಚದರ ಸೆಂಟಿಮೀಟರ್ ಲೇಸಿಗೆ ಏಳು ಗಂಟೆ ಹಿಡಿಯುತ್ತೆ. ಕೆಲಸ ಪೂರ್ತಿ ಕೈಗೆ ಹತ್ತೋಕೆ ಏಳರಿಂದ ಹತ್ತು ವರ್ಷ ಬೇಕು. 2010ರಲ್ಲಿ ಯುನೆಸ್ಕೋ ಈ ಕಸುಬನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಜೇಲಿ ಮೊದಲು ಸನ್ಯಾಸಿನಿಯಾಗಲು ಹೋಗಿ ಬೇಡ ಅನ್ನಿಸಿಕೊಂಡಳು. ಆಮೇಲೆ ಈ ಕಸುಬು ಕಲಿತು, 1853ರ ಹೊತ್ತಿಗೆ, ಅಂದರೆ ಇಪ್ಪತ್ತೆರಡರ ಆಸುಪಾಸಿನಲ್ಲಿ, ಸ್ವಂತ ವ್ಯವಹಾರ ಶುರು ಮಾಡಿದಳು. ಮದುವೆಯಾದದ್ದು ಅದಾಗಿ ಐದು ವರ್ಷಕ್ಕೆ.

ಕೆಲಸ ಹೇಗೆ ನಡೀತಿತ್ತು ಅಂದರೆ, ಒಂದು ಲೇಸನ್ನು ತುಂಡು ತುಂಡಾಗಿ ಹಂಚೋದು. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಹಂತ, ಅವರವರ ಮನೆಯಲ್ಲೇ ಕೂತು ಮಾಡಬೇಕು. ಗುರುವಾರ ಎಲ್ಲರೂ ಜೇಲಿಯ ಮನೆಗೆ ಬಂದು, ಮಾಡಿದ್ದನ್ನು ಒಪ್ಪಿಸಿ, ಹೊಸ ಕೆಲಸ ತಗೊಂಡು ಹೋಗೋರು. ಆ ತುಂಡುಗಳನ್ನೆಲ್ಲ ಜೋಡಿಸೋ ಕೆಲಸ ಮಾತ್ರ ಆಕೆಯದೇ, ಜೋಡಿಸಿದ ಜಾಗ ಕಣ್ಣಿಗೆ ಕಾಣಬಾರದು. ನಮ್ಮ ಭಾಷೆಯಲ್ಲಿ ಇಂಟಿಗ್ರೇಶನ್. ಆ ಕೆಲಸ ಮಾಡಿದವರಿಗೇ ಗೊತ್ತು, ಎಲ್ಲ ಸರಿಯಾಗಿದ್ದ ದಿನ ನಿಮ್ಮನ್ನು ಯಾರೂ ನೆನೆಸಿಕೊಳ್ಳಲ್ಲ. ಪ್ಯಾರಿಸ್ಸಿನ ಆರ್ಡರ್ ಹಿಡಿಯೋದು, ಕೆಲಸದವರಿಗೆ ಕೂಲಿ ಕೊಡೋದು, ಹೇಳಿದ ದಿನಕ್ಕೆ ಮಾಲು ಕಳಿಸೋದು, ಇದೆಲ್ಲ ಹೊಟ್ಟೆಯಲ್ಲೊಂದು ಕಂಕುಳಲ್ಲೊಂದು ಮಗು ಇಟ್ಟುಕೊಂಡೇ.

ಈಗ ಗಂಡನ ವಿಷಯ. ಲೂಯಿ ಗಡಿಯಾರದ ಕಸುಬಿನವನು, ಸ್ವಂತ ಅಂಗಡಿ ಇತ್ತು. 1870ರಲ್ಲಿ ಅಂಗಡಿಯನ್ನು ಸೋದರಳಿಯನಿಗೆ ಮಾರಿ, ಹೆಂಡತಿಯ ವ್ಯವಹಾರಕ್ಕೆ ಬಂದು ಸೇರಿಕೊಂಡ. ಇಸವಿ ಇನ್ನೊಂದು ಸಲ ನೋಡಿ, 1870. ಈಗ ನಿಮ್ಮ ಅಪಾರ್ಟ್‌ಮೆಂಟಿಗೆ ಬನ್ನಿ. ಇಬ್ಬರದೂ ಒಂದೇ ಬಿಇ, ಒಂದೇ ವರ್ಷದ ಬ್ಯಾಚು. ಎರಡನೇ ಮಗು ಆದಾಗ ರಿಸೈನ್ ಮಾಡಿದ್ದು ಯಾರು? ಲಿಂಕ್ಡ್‌ಇನ್‌ನಲ್ಲಿ 'ಕೆರಿಯರ್ ಬ್ರೇಕ್' ಅಂತ ಯಾರ ಪ್ರೊಫೈಲಿನಲ್ಲಿದೆ? ಆಮೇಲೆ ಅಮ್ಮಂದಿರ ದಿನ ಬಂದಾಗ ಆಕೆಯ ಫೋಟೋ ಹಾಕಿ 'ತ್ಯಾಗಮಯಿ' ಅಂತ ಬರೆದವರು ಯಾರು? ಹಳೇ ಕಾಲದ ಭಕ್ತರನ್ನು ನೋಡಿ ಪಾಪ ಅನ್ನೋಕೆ ನಮಗೆ ಯಾವ ಮುಖ ಇದೆ ಹೇಳಿ.

ಲೂಯಿಯನ್ನು ಅಟ್ಟಕ್ಕೇರಿಸೋದೂ ಬೇಡ. ಆಗಿನ ಫ್ರಾನ್ಸಿನಲ್ಲಿ ಮದುವೆಯಾದ ಹೆಂಗಸಿನ ದುಡಿಮೆ ಕಾನೂನಿನ ಪ್ರಕಾರ ಗಂಡನ ಕೈಗೇ ಹೋಗ್ತಿತ್ತು. ತನ್ನ ಸಂಪಾದನೆ ತನ್ನದು ಅನ್ನೋ ಹಕ್ಕು ಹೆಂಡತಿಗೆ ಬಂದಿದ್ದು 1907ರಲ್ಲಿ, ಜೇಲಿ ಸತ್ತು ಮೂವತ್ತು ವರ್ಷದ ಮೇಲೆ.

ಆಕೆಯ ಪತ್ರಗಳು ಇನ್ನೂರಕ್ಕೂ ಹೆಚ್ಚು ಉಳಿದಿವೆ. ಹೆಚ್ಚಿನವು ಲಿಸ್ಯೂನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ತಮ್ಮನಿಗೆ, ನಾದಿನಿಗೆ, ಹಾಸ್ಟೆಲಿನಲ್ಲಿದ್ದ ಮಕ್ಕಳಿಗೆ ಬರೆದವು. ದೇವರ ಮಾತು ಇದೆ, ಬೇಕಾದಷ್ಟಿದೆ. ಜೊತೆಗೆ ಗೊಣಗಾಟವೂ ಇದೆ: ಆರ್ಡರ್ ಜಾಸ್ತಿಯಾದರೆ ಜೀತ, ಬರದಿದ್ದರೆ ನಿದ್ದೆಯಿಲ್ಲ. ಮೂರನೇ ಮಗಳು ಲಿಯೋನಿ ಮಾತು ಕೇಳಲ್ಲ ಅನ್ನೋ ಕೊರಗು. ಎದೆಯಲ್ಲಿ ಗಂಟಿದೆ ಅಂತ 1865ರಲ್ಲೇ ತಮ್ಮನಿಗೆ ಬರೆದಿದ್ದಳು. ಡಾಕ್ಟರು ಕೈಚೆಲ್ಲಿದ್ದು 1876ರ ಕೊನೆಗೆ. ಆ ಹನ್ನೊಂದು ವರ್ಷದಲ್ಲಿ ಗುರುವಾರಗಳು ಎಷ್ಟು ಬಂದು ಹೋದವು ಅಂತ ನೀವೇ ಗುಣಿಸಿ. 1877ರ ಜೂನ್‌ನಲ್ಲಿ ಲೂರ್ದ್ ಯಾತ್ರೆಗೂ ಹೋಗಿಬಂದಳು, ವಾಸಿಯಾಗಲಿಲ್ಲ. ಆಗಸ್ಟ್ 28ಕ್ಕೆ ಹೋದಳು. ತೆರೇಸಾಗೆ ಆಗ ನಾಲ್ಕೂವರೆ ವರ್ಷ.

ಇನ್ನೊಂದು ಪ್ರಸಂಗ, ಪ್ರಾರ್ಥನಾ ಕಾರ್ಡಿನ ಮೇಲೆ ಯಾರೂ ಅಚ್ಚು ಹಾಕಿಸದ್ದು. ಅಲಾಂಸೋಂನಲ್ಲಿ ಸನ್ಯಾಸಿನಿಯರ ವೇಷದ ಇಬ್ಬರು ಹೆಂಗಸರು ಬಡ ಹುಡುಗಿಯೊಬ್ಬಳನ್ನು ಇಟ್ಟುಕೊಂಡು, ಸರಿಯಾಗಿ ಊಟ ಹಾಕದೆ ಹಿಂಸೆ ಕೊಡ್ತಿದ್ದರು. ಜೇಲಿ ಹುಡುಗಿಗೆ ಊಟ ಕೊಟ್ಟು ಸುಮ್ಮನಾಗಲಿಲ್ಲ, ವಿಷಯವನ್ನು ಪೊಲೀಸ್ ಕಮಿಷನರ್ ತನಕ ತಗೊಂಡು ಹೋದಳು. ಮೈಮೇಲಿನ ಬಟ್ಟೆ ನೋಡಿ ಕೈಮುಗಿಯುವ ಭಕ್ತಿ ಅಲ್ಲ ಅದು. ನಮ್ಮಲ್ಲಿ ಭಕ್ತೆ ಅಂದರೆ ತಲೆ ತಗ್ಗಿಸಿದವಳು ಅಂತ ಅರ್ಥ ಮಾಡಿಟ್ಟಿದ್ದೀವಲ್ಲ, ಅವರಿಗೆ ಇದು ಕಷ್ಟ.

ಪ್ರಗತಿಪರ ಗೆಳೆಯರಿಗೂ ಕಷ್ಟವೇ. ಆಕೆಯ ಭಕ್ತಿಯನ್ನು ಕಿತ್ತು ಪಕ್ಕಕ್ಕಿಟ್ಟು, 'ಮಹಿಳಾ ಉದ್ಯಮಿ' ಅಂತ ಹೊಸ ಲೇಬಲ್ ಅಂಟಿಸಿದರೂ ಸುಳ್ಳೇ ಆಗುತ್ತೆ. 1867ರಿಂದ 1870ರೊಳಗೆ ನಾಲ್ಕು ಮಕ್ಕಳು ಹೋದರು. ಎರಡು ಗಂಡು ಕೂಸು, ಐದು ವರ್ಷದ ಎಲೆನ್, ಎರಡು ತಿಂಗಳೂ ತುಂಬದ ಇನ್ನೊಂದು ಹೆಣ್ಣುಕೂಸು. ಆ ಮನೆಯಲ್ಲಿ ಮಾರನೇ ಬೆಳಿಗ್ಗೆ ಎದ್ದು ಕೂರೋಕೆ ಆಕೆಗೆ ಏನೋ ಒಂದು ಬೇಕಿತ್ತು, ಆಕೆಯ ಹತ್ತಿರ ಅದಿತ್ತು. ಭಾನುವಾರ ದೇವರ ದಿನ ಅಂತ ವ್ಯಾಪಾರವನ್ನೇ ಮಾಡ್ತಿರಲಿಲ್ಲ ಗಂಡ ಹೆಂಡತಿ. ನಾವು ಬಿಡುಗಡೆಯಾದವರು, ಭಾನುವಾರ ಪ್ರೊಡಕ್ಷನ್ ಇಶ್ಯೂ ಅಂತ ಮದುವೆ ಮಂಟಪದಲ್ಲೂ ಲ್ಯಾಪ್‌ಟಾಪ್ ಬಿಚ್ಚೋರು.

ಹಾಗೇ ರೋಸ್ ತಾಯೆ ಅನ್ನೋ ಹೆಸರೂ ಬರಲಿ. ಸೆಮಾಲೆ ಹಳ್ಳಿಯ ರೈತ ಹೆಂಗಸು. ಜೇಲಿಗೆ ಎದೆಹಾಲು ಕೊಡಲಾಗದೆ, ಎರಡು ತಿಂಗಳ ತೆರೇಸಾ ಇನ್ನೇನು ಹೋಗಿಯೇಬಿಡ್ತಾಳೆ ಅನ್ನೋವಾಗ, ಒಂದು ವರ್ಷ ತನ್ನ ಮನೆಯಲ್ಲಿಟ್ಟುಕೊಂಡು ಹಾಲುಣಿಸಿ ಬದುಕಿಸಿದವಳು. ನಾನು ಹಳ್ಳಿಯವನು, ನನಗೆ ಈ ಹೆಸರು ಬಿಟ್ಟು ಮುಂದೆ ಹೋಗೋಕಾಗಲ್ಲ.

ನಮ್ಮಜ್ಜಿ ಎಂಟು ಹೆತ್ತವಳು. ಆರು ಉಳಿದವು. ಸೋಮವಾರ ಒಪ್ಪೊತ್ತು, ಶ್ರಾವಣದಲ್ಲಿ ಬರಿಗಾಲು. ಜೊತೆಗೆ ಮೂರು ಸೀಮೆ ಹಸು. ನಾಲ್ಕೂವರೆಗೆ ಎದ್ದು ಹಾಲು ಕರೆದು ಡೈರಿಗೆ ಹಾಕ್ತಿದ್ದವಳು ಅಜ್ಜಿ, ಪಾಸ್‌ಬುಕ್ ಇದ್ದದ್ದು ತಾತನ ಹೆಸರಲ್ಲಿ. ಬಟವಾಡೆ ದಿನ ಸಹಿ ಹಾಕಿ ದುಡ್ಡು ತರ್ತಿದ್ದವರು ತಾತ. ಅದರಲ್ಲಿ ಹಿಂಡಿ, ಬೂಸ ಕಳೆದು ಉಳಿದದ್ದರಲ್ಲಿ ನಮ್ಮಪ್ಪನ ಡಿಗ್ರಿ ಆಯ್ತು, ನನ್ನ ಬಿಇ ಫೀಸಿನ ಮೊದಲ ಕಂತೂ ಆಯ್ತು. ಅಜ್ಜಿಯ ತಿಥಿ ಕಾರ್ಡಿನಲ್ಲಿ 'ದೈವಭಕ್ತೆ, ತ್ಯಾಗಮಯಿ, ತುಂಬು ಸಂಸಾರದ ಒಡತಿ' ಅಂತ ಅಚ್ಚಾಗಿತ್ತು. ಹಸುವಿನ ಸುದ್ದಿಯೇ ಇಲ್ಲ. ತ್ಯಾಗ ಅಂತ ಕರೆದರೆ ಒಂದು ಅನುಕೂಲ ಇದೆ ನೋಡಿ, ಸಂಬಳದ ಬಾಕಿ ಯಾರೂ ಕೇಳಲ್ಲ. ಆಸ್ತಿ ಭಾಗವಾದಾಗ ಹೆಣ್ಣುಮಕ್ಕಳಿಗೆ ಒಂದೊಂದು ಸೀರೆ ಕೊಟ್ಟು ಕಳಿಸಿದ್ದೂ ಅದೇ ಲೆಕ್ಕದಲ್ಲಿ.

ಇದನ್ನು ಮನೆಯಲ್ಲಿ ಎತ್ತಿದಾಗ ದೊಡ್ಡಪ್ಪ ಸಿಟ್ಟಾದರು. "ಸತ್ತು ದೇವರಾದೋರ ಹೆಸರಲ್ಲಿ ಈಗ ಯಾಕೋ ಲೆಕ್ಕ ತೆಗೀತೀಯ?" ಅಂದರು. ಅವರಿಗೂ ನೆನಪಿದೆ, ಡೈರಿಯಲ್ಲಿ ಅರ್ಧ ಲೀಟರ್ ಕಮ್ಮಿ ಬರೆದಿದ್ದಕ್ಕೆ ಅಜ್ಜಿ ಸೆಕ್ರೆಟರಿ ಮನೆ ಬಾಗಿಲಿಗೆ ಹೋಗಿ, ಬರೆದದ್ದನ್ನು ತಿದ್ದಿಸಿಕೊಂಡೇ ವಾಪಸ್ ಬಂದಿದ್ದಳು.