ದರ ಒಪ್ಪಂದದ ಖರೀದಿ: ಸ್ಥಳೀಯ ಪೂರೈಕೆದಾರನ ಹಣಕ್ಕೆ ಹೊಣೆ ಯಾರು?

ಸರ್ಕಾರಿ ಕಚೇರಿಗಳಿಗೆ ಬೇಕಾಗುವ ಗಣಕಯಂತ್ರ, ಯುಪಿಎಸ್, ಸಿಸಿಟಿವಿ, ತಂತ್ರಾಂಶ ಹಾಗೂ ವಾರ್ಷಿಕ ನಿರ್ವಹಣೆಯ ಸೇವೆಗಳಿಗೆ ಪ್ರತಿ ಬಾರಿಯೂ ಪ್ರತ್ಯೇಕ ಟೆಂಡರ್ ಕರೆಯುವುದು ಕಾಲಹರಣದ ಕೆಲಸ. ಆದ್ದರಿಂದ ದರ ಮತ್ತು ಷರತ್ತುಗಳನ್ನು ಮೊದಲೇ ಗೊತ್ತುಪಡಿಸಿ, ಅರ್ಹ ಸಂಸ್ಥೆಗಳ ಪಟ್ಟಿ ಸಿದ್ಧಪಡಿಸಿ, ಅಗತ್ಯ ಬಿದ್ದಾಗ ಆ ಪಟ್ಟಿಯಿಂದಲೇ ಖರೀದಿಸುವ ಪದ್ಧತಿ ಬೆಳೆದುಬಂದಿದೆ. ಪದ್ಧತಿಯಲ್ಲಿ ದೋಷವಿಲ್ಲ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಈ ಕೆಲಸವನ್ನು ಕೈಯಾರೆ ಮಾಡಿಕೊಡುವ ಸಣ್ಣ ಉದ್ದಿಮೆದಾರನಿಗೆ ಹಣ ಯಾವಾಗ, ಯಾರಿಂದ ಬರಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಕೇಂದ್ರದಲ್ಲಿ ಪೂರೈಕೆ ಮತ್ತು ವಿಲೇವಾರಿ ಮಹಾನಿರ್ದೇಶನಾಲಯವು ದಶಕಗಳ ಕಾಲ ದರ ಒಪ್ಪಂದಗಳನ್ನು ನಿರ್ವಹಿಸಿತು. 2016ರಲ್ಲಿ ಸರ್ಕಾರಿ ಇ-ಮಾರುಕಟ್ಟೆಯಾದ ಜೆಮ್ ಆರಂಭವಾಯಿತು. 2017ರ ಅಕ್ಟೋಬರ್ 31ರಂದು ಆ ನಿರ್ದೇಶನಾಲಯ ಮುಚ್ಚಿತು. ನಮ್ಮ ರಾಜ್ಯದಲ್ಲಿ ಖರೀದಿಗೆ ಆಧಾರವಾಗಿರುವುದು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ. ನಿರ್ದಿಷ್ಟ ಖರೀದಿಗಳಿಗೆ ಟೆಂಡರ್‌ನಿಂದ ವಿನಾಯಿತಿ ನೀಡುವ ಅಧಿಕಾರವನ್ನು ಅದರ 4(ಜಿ) ಕಲಂ ಸರ್ಕಾರಕ್ಕೆ ಕೊಟ್ಟಿದೆ. ಈ ವಿನಾಯಿತಿಯಡಿ ಇಲಾಖೆಗಳು 1976ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್‌ನಂತಹ ಸರ್ಕಾರಿ ಸಂಸ್ಥೆಯ ಮೂಲಕ ತಂತ್ರಜ್ಞಾನ ಸರಕು ಹಾಗೂ ಸೇವೆಗಳನ್ನು ಪಡೆದಿರುವುದುಂಟು.

ಅಥಣಿಯಿಂದ ಬೇರ್ಪಟ್ಟ ಕಾಗವಾಡ, ಚಿಕ್ಕೋಡಿಯಿಂದ ಬೇರ್ಪಟ್ಟ ನಿಪ್ಪಾಣಿ ತಾಲ್ಲೂಕುಗಳಲ್ಲಿ ಹೊಸ ಕಚೇರಿಗಳ ಅಗತ್ಯಗಳು ಸಹಜವಾಗಿಯೇ ಹೆಚ್ಚು. ಕಾರ್ಯಾದೇಶವು ಪಟ್ಟಿಯಲ್ಲಿರುವ ದೂರದ ಸಂಸ್ಥೆಯ ಹೆಸರಿಗೆ ಬರುತ್ತದೆ. ತಂತಿ ಎಳೆಯುವುದು, ಯಂತ್ರ ಕೂಡಿಸುವುದು, ಕೆಟ್ಟಾಗ ಓಡಿಬರುವುದು ಸ್ಥಳೀಯನ ಪಾಲಿಗೆ ಬೀಳುತ್ತದೆ. ಇಲಾಖೆಗೂ ಅವನಿಗೂ ನೇರ ಒಪ್ಪಂದವಿರುವುದಿಲ್ಲ. “ಇಲಾಖೆಯಿಂದ ಹಣ ಬಂದ ಮೇಲೆ ಕೊಡುತ್ತೇವೆ” ಎಂಬ ಬಾಯಿಮಾತೇ ಅವನ ಕೈಗೆ ಸಿಗುವ ಭರವಸೆ.

ಇದರ ವೆಚ್ಚವನ್ನು ಒಂದು ಉದಾಹರಣೆಯಿಂದ ನೋಡಬಹುದು. 10,00,000 ರೂಪಾಯಿಯ ಕೆಲಸದಲ್ಲಿ ಶೇಕಡಾ 8ರ ಲಾಭ, ಜಿಎಸ್‌ಟಿ ಶೇಕಡಾ 18 ಎಂದಿಟ್ಟುಕೊಳ್ಳೋಣ. ಖರೀದಿ ವೆಚ್ಚ 9,20,000 ರೂಪಾಯಿ, ಅದರ ಮೇಲಿನ ತೆರಿಗೆ 1,65,600 ರೂಪಾಯಿ. ಬಿಲ್ಲು ಕೊಟ್ಟ ಮೇಲೆ ಹಣ ಬಾರದಿದ್ದರೂ ಉಳಿದ ತೆರಿಗೆ 14,400 ರೂಪಾಯಿ ಕಟ್ಟಲೇಬೇಕು. ಒಟ್ಟು 11,00,000 ರೂಪಾಯಿ ಸಿಕ್ಕಿಬೀಳುತ್ತದೆ. ಓವರ್‌ಡ್ರಾಫ್ಟ್ ಮೇಲೆ ವರ್ಷಕ್ಕೆ ಶೇಕಡಾ 12ರಂತೆ ಆರು ತಿಂಗಳ ಬಡ್ಡಿ 66,000 ರೂಪಾಯಿ. 80,000 ರೂಪಾಯಿ ಲಾಭದಲ್ಲಿ ಉಳಿಯುವುದು 14,000 ಮಾತ್ರ. ಏಳೂವರೆ ತಿಂಗಳು ಕಳೆಯುವುದರೊಳಗೆ ಅದೂ ಕರಗಿ, ಅಸಲಿಗೇ ಕೈ ಬೀಳುತ್ತದೆ.

ಇಲ್ಲಿ ಕಾನೂನು ದುರ್ಬಲವಾಗಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಅಧಿನಿಯಮದ 15ನೇ ಕಲಂ ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಹಣ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ. ಮೀರಿದರೆ 16ನೇ ಕಲಂ ಅನ್ವಯ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 18ನೇ ಕಲಂನಡಿ ಸೌಲಭ್ಯ ಮಂಡಳಿಗೆ ದೂರು. ಸರಕು ಅಥವಾ ಸೇವೆ ಪಡೆದವನೇ ಈ ಕಾಯ್ದೆಯಲ್ಲಿ ಖರೀದಿದಾರ. ಆದ್ದರಿಂದ ಕೆಲಸ ಮಾಡಿಸಿಕೊಂಡ ಪಟ್ಟಿಯ ಸಂಸ್ಥೆಯೇ ಹೊಣೆಗಾರ. ಇಲಾಖೆ ಹಣ ಕೊಟ್ಟಿಲ್ಲವೆಂಬುದು 45 ದಿನಗಳ ಮಿತಿಯನ್ನು ಸಡಿಲಿಸುವ ಕಾರಣವಾಗದು.

ಆದರೆ ವರ್ತಕ ಬಾಂಧವರು ಒಂದು ಮಾತು ಗಮನಿಸಬೇಕು. 2021ರ ಜುಲೈ 2ರ ಆದೇಶದಿಂದ ಚಿಲ್ಲರೆ ಹಾಗೂ ಸಗಟು ವ್ಯಾಪಾರಕ್ಕೂ ಉದ್ಯಮ್ ನೋಂದಣಿ ದೊರೆಯಿತಾದರೂ ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಲಾಯಿತು. ಗಣಕಯಂತ್ರ ತಂದು ಮಾರುವ ಅಂಗಡಿಗೆ 45 ದಿನಗಳ ರಕ್ಷಣೆ ಇಲ್ಲ. ದುರಸ್ತಿ, ನಿರ್ವಹಣೆ, ತಂತ್ರಾಂಶದ ಸೇವೆ ನೀಡುವ ಉದ್ದಿಮೆಗೆ ಇದೆ. ಎರಡೂ ಮಾಡುವವರು ಸೇವಾ ಚಟುವಟಿಕೆಯನ್ನೂ ನೋಂದಣಿಯಲ್ಲಿ ಕಾಣಿಸಿ, ಸೇವೆಗೆ ಪ್ರತ್ಯೇಕ ಬಿಲ್ಲು ಮಾಡುವುದು ಹಿತ. ನೋಂದಣಿಯು ಒಪ್ಪಂದಕ್ಕಿಂತ ಮುಂಚಿನದಾಗಿರಲಿ. ಕಾರ್ಯಾದೇಶ ಲಿಖಿತವಾಗಿರಲಿ, ಕೆಲಸ ಮುಗಿದ ದಿನವೇ ದಿನಾಂಕಸಹಿತ ಸ್ವೀಕೃತಿಯ ಸಹಿ ಪಡೆಯಲಿ. ಕಾಗದವಿಲ್ಲದ ಹಕ್ಕು ಮಂಡಳಿಯ ಮುಂದೆ ನಿಲ್ಲದು.

ಇನ್ನೊಬ್ಬರ ಹೆಸರಿನಡಿ ದುಡಿಯುವುದಕ್ಕಿಂತ ಸ್ವಂತ ಹೆಸರಿನಲ್ಲಿ ಮಾರುವ ದಾರಿಯೂ ಇದೆ. ಕೇಂದ್ರದ ಇಲಾಖೆಗಳು ಜೆಮ್ ಮೂಲಕ ಖರೀದಿಸುತ್ತವೆ. 2024ರ ಜುಲೈ ತಿದ್ದುಪಡಿಯು ಅಲ್ಲಿ ನೇರ ಖರೀದಿಯ ಮಿತಿಯನ್ನು 25,000ದಿಂದ 50,000 ರೂಪಾಯಿಗೆ, ದರ ಹೋಲಿಸಿ ಕೊಳ್ಳುವ ಮಿತಿಯನ್ನು 5 ಲಕ್ಷದಿಂದ 10 ಲಕ್ಷಕ್ಕೆ ಏರಿಸಿತು. ಸಣ್ಣ ಊರಿನ ಸೇವಾದಾರನ ಕೈಗೆ ಎಟಕುವ ಮೊತ್ತಗಳಿವು.

ಸರ್ಕಾರವೂ ತನ್ನ ಪಾಲಿನ ಕರ್ತವ್ಯ ನಿರ್ವಹಿಸಬೇಕಿದೆ. ಪೂರ್ವಾನುಮೋದಿತ ಪಟ್ಟಿಗಳನ್ನು ರಾಜ್ಯಕ್ಕೊಂದರಂತೆ ಮಾಡದೆ ಜಿಲ್ಲಾವಾರು ರಚಿಸಿದರೆ ನಿರ್ವಹಣಾ ಸೇವೆಗೆ ತಾಲ್ಲೂಕಿನ ಉದ್ದಿಮೆದಾರನೇ ನೇರವಾಗಿ ಅರ್ಹನಾಗಬಲ್ಲ. ಅದಾಗದಿದ್ದರೆ ಉಪ ಪೂರೈಕೆದಾರನ ಹೆಸರನ್ನು ಕಾರ್ಯಾದೇಶದಲ್ಲೇ ನಮೂದಿಸಿ, ಅವನ ಬಾಕಿ ತೀರಿಸಿದ ದಾಖಲೆ ನೋಡಿದ ಮೇಲಷ್ಟೇ ಪಟ್ಟಿಯ ಸಂಸ್ಥೆಗೆ ಮುಂದಿನ ಕೆಲಸ ಕೊಡಬೇಕು. ಇದರಿಂದ ಬೊಕ್ಕಸಕ್ಕೆ ಹೆಚ್ಚುವರಿ ಹೊರೆಯಿಲ್ಲ. ಐದೂ ತಾಲ್ಲೂಕುಗಳ ವಾಣಿಜ್ಯ ಸಂಘಗಳು ಈ ಬೇಡಿಕೆಯನ್ನು ಒಟ್ಟಾಗಿ ಜಿಲ್ಲಾಡಳಿತದ ಮುಂದಿಡುವುದು ಸೂಕ್ತ. ಅಲ್ಲಿಯವರೆಗೆ, ಖರೀದಿದಾರ ಯಾರು ಎಂಬುದು ಕಾಗದದ ಮೇಲೆ ಸ್ಪಷ್ಟವಾಗದ ಕೆಲಸವನ್ನು ಒಪ್ಪಿಕೊಳ್ಳದಿರುವುದೇ ಸಣ್ಣ ಉದ್ದಿಮೆದಾರನಿಗೆ ಕ್ಷೇಮ.