ಸೂರ್ಯನಿಗೆ ಮೀಟರ್ ಉಂಟು, ತೋಡಿಗೆ ಇಲ್ಲ

ನಾರಾವಿ, ಕುತ್ಲೂರು ಕಡೆಯ ಗೆಳೆಯರು ಮಳೆಗಾಲದಲ್ಲಿ ಊರಿಗೆ ಹೋಗಿ ಬಂದರೆ ಎರಡು ಸುದ್ದಿ ಗ್ಯಾರಂಟಿ. ಒಂದು, ಲೈನ್ ಮೇಲೆ ಮರ ಬಿದ್ದು ಕರೆಂಟ್ ಇಲ್ಲ. ಇನ್ನೊಂದು, ತೋಡು ತುಂಬಿ ಹರೀತಾ ಇದೆ. ಇವೆರಡನ್ನೂ ಒಟ್ಟಿಗೆ ಕೇಳಿದ ಮೇಲೂ ಎಂಜಿನಿಯರಿಂಗ್ ಓದುವ ನಾವು ಸುಮ್ಮನೆ ಕೂರುವುದು ಹೇಗೆ?

ಘಟ್ಟದ ಬುಡದ ಈ ಊರುಗಳಲ್ಲಿ ಗುಡ್ಡದ ಮೇಲಿನ ತೋಡಿಗೆ ಪೈಪ್ ಇಟ್ಟರೆ ಸಾಕು, ಪಂಪ್ ಇಲ್ಲದೆ ನೀರು ಅಂಗಳಕ್ಕೂ ಬರುತ್ತೆ, ಅಡಿಕೆ ತೋಟದ ಜೆಟ್‌ಗೂ ಬರುತ್ತೆ. ಅದೇ ಪೈಪಿನ ತುದಿಗೆ ಪುಟ್ಟ ಟರ್ಬೈನ್ ಕೂರಿಸಿ ಕರೆಂಟ್ ಮಾಡಿಕೊಂಡ ಮನೆಗಳು ಬೆಳ್ತಂಗಡಿ ತಾಲ್ಲೂಕಿನಲ್ಲೂ ಇವೆ, ಘಟ್ಟದ ಮೇಲೆ ಶೃಂಗೇರಿ, ಕೊಪ್ಪ ಕಡೆಯೂ ಇವೆ.

ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡಿದ ಸೂತ್ರವನ್ನು ಒಮ್ಮೆ ನಿಜವಾಗಿ ಬಳಸೋಣ. 20 ಮೀಟರ್ ಎತ್ತರ, ಸೆಕೆಂಡಿಗೆ 10 ಲೀಟರ್ ನೀರು. ಸುಮಾರು 1,960 ವ್ಯಾಟ್. ಪೈಪು, ಟರ್ಬೈನು, ಜನರೇಟರು ಅಂತ ಅರ್ಧ ಕಳೆದರೂ 1 ಕಿಲೋವ್ಯಾಟ್ ಉಳಿಯಿತು. ಮಳೆಗಾಲದಲ್ಲಿ ಹಗಲು ರಾತ್ರಿ ಓಡುವುದರಿಂದ ದಿನಕ್ಕೆ 24 ಯೂನಿಟ್. ಲೈಟು, ಫ್ಯಾನು, ಟಿವಿ, ಮಿಕ್ಸಿ ಎಲ್ಲ ಸೇರಿ ಮನೆಗೆ 4 ಯೂನಿಟ್ ಬೇಕು ಅಂತಿಟ್ಟುಕೊಳ್ಳಿ. ಉಳಿದ 20 ಎಲ್ಲಿ ಹೋಯ್ತು?

ಬಚ್ಚಲಿಗೆ! ಲೋಡ್ ಇಳಿದರೆ ಟರ್ಬೈನ್ ವೇಗ ಏರಿ ವೋಲ್ಟೇಜ್ ಕೆಡುತ್ತೆ. ಹಾಗಾಗಿ ಕಂಟ್ರೋಲರ್ ಪೆಟ್ಟಿಗೆ ಮನೆಗೆ ಬೇಡವಾದ ಕರೆಂಟನ್ನೆಲ್ಲ ಒಂದು ಹೀಟರ್‌ಗೆ ತಳ್ಳುತ್ತೆ. ಆ ಹೀಟರನ್ನು ನೀರಿನಲ್ಲಿ ಇಟ್ಟರೆ ಸೌದೆ ಉಳಿಯಿತು, ಒಳ್ಳೆಯದೇ. ಆದರೆ 20 ಯೂನಿಟ್‌ನಲ್ಲಿ ದಿನಕ್ಕೆ 400 ಲೀಟರಿಗೂ ಹೆಚ್ಚು ನೀರು 40 ಡಿಗ್ರಿ ಬಿಸಿಯಾಗುತ್ತೆ. ಯಾವ ಕೂಡುಕುಟುಂಬವೂ ಅಷ್ಟು ಮೀಯಲ್ಲ.

ಅಮೆರಿಕದ ಕೊಲರಾಡೊದಲ್ಲಿ ಬೌಲ್ಡರ್ ಅನ್ನುವ ಪಟ್ಟಣ ಇದೆ. ಅದಕ್ಕೂ ಕುಡಿಯುವ ನೀರು ಬೆಟ್ಟದಿಂದ ಇಳಿದು ಬರುತ್ತೆ. ಇಳಿಯುವ ನೀರಿನ ಒತ್ತಡ ಹೆಚ್ಚಾದರೆ ಪೈಪ್ ಒಡೆಯುತ್ತೆ, ಅದಕ್ಕೆ ವಾಲ್ವ್ ಹಾಕಿ ಒತ್ತಡ ಕೊಲ್ಲುತ್ತಾರೆ. ಬೌಲ್ಡರ್‌ನವರು ಕೊಲ್ಲುವ ಬದಲು 1980ರ ದಶಕದಿಂದ ಟರ್ಬೈನ್ ಕೂರಿಸುತ್ತಾ ಬಂದು, ಕರೆಂಟನ್ನು ವಿದ್ಯುತ್ ಕಂಪನಿಗೆ ಮಾರಿದರು. ನಮ್ಮ ದೊಡ್ಡ ನಗರಗಳಿಗೆ ಈ ಭಾಗ್ಯ ಇಲ್ಲ. ಶಿವನಸಮುದ್ರದ ಕರೆಂಟ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ದೀಪಗಳಿಗೆ ಹೋಯಿತು. ಈಗ ಅದೇ ಕಾವೇರಿಯ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ಬೆಂಗಳೂರಿಗೆ ಹತ್ತಿಸಬೇಕು. ಮಂಗಳೂರೂ ತುಂಬೆಯಿಂದ ಪಂಪ್ ಮಾಡಿಯೇ ಕುಡಿಯೋದು. ಬೌಲ್ಡರ್ ಥರ ನೀರು ತಾನಾಗಿ ಇಳಿದು ಬರುವುದು ನಾರಾವಿಯಂಥ ಊರಿಗೆ.

ಆದರೆ ನಾರಾವಿ ಮಾರುವಂತಿಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2016ರ ನಿಯಮಾವಳಿಯ ಹೆಸರಲ್ಲೇ ಸೌರ ಛಾವಣಿ ಅಂತಿದೆ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವೂ ಉಂಟು. ಜುಲೈಯಲ್ಲಿ ಘಟ್ಟದ ಬುಡದಲ್ಲಿ ಸೂರ್ಯ ಎಷ್ಟು ಕಾಣ್ತಾನೆ ಅನ್ನೋದು ನಿಮಗೇ ಗೊತ್ತು.

ಬಿಲ್‌ನಲ್ಲಿ ಕಳೆದುಕೊಂಡರೆ ಆಗಲ್ವಾ ಅಂತ ಕೇಳಬಹುದು. 2023ರಿಂದ ಗೃಹಜ್ಯೋತಿ ಇದೆ. ತಿಂಗಳಿಗೆ ನೂರಿಪ್ಪತ್ತು ಯೂನಿಟ್ ಬಳಸುವ ಮನೆಗೆ ಬಿಲ್ಲೇ ಸೊನ್ನೆ, ಸೊನ್ನೆಯಿಂದ ಏನು ಕಳೆಯೋದು? ಲೈನ್ ಬಂದ ಮೇಲೆ, ಬಿಲ್ ಸೊನ್ನೆಯಾದ ಮೇಲೆ, ಸುರಿಯುವ ಮಳೆಯಲ್ಲಿ ಗುಡ್ಡ ಹತ್ತಿ ಪೈಪಿನ ಬಾಯಿಯ ತರಗೆಲೆ ತೆಗೆಯಲು ಯಾರಿಗೆ ಮನಸ್ಸು ಬರುತ್ತೆ? ಟರ್ಬೈನ್ ಗುಜರಿ ಸೇರುತ್ತೆ. ಅದಕ್ಕೇ ನಾವು ಹೇಳೋದು, ಹೊರಗೆ ಹೋದ ಪ್ರತಿ ಯೂನಿಟ್ಟಿಗೂ ಬೇರೆ ಮೀಟರ್, ಬೇರೆ ದುಡ್ಡು ಬೇಕು. 3 ರೂಪಾಯಿ ಸಿಕ್ಕರೂ ದಿನಕ್ಕೆ 20 ಯೂನಿಟ್‌ನಂತೆ 150 ದಿನಕ್ಕೆ 9,000 ಆಯ್ತು. ದೊಡ್ಡ ಮೊತ್ತ ಅಲ್ಲ, ಆದರೆ ಗುಡ್ಡ ಹತ್ತಿಸಲು ಸಾಕು.

ಮಳೆಗಾಲದಲ್ಲಿ ಶರಾವತಿ, ವಾರಾಹಿಯೇ ತುಂಬಿರುತ್ತೆ, ನಿಮ್ಮ ಕಿಲೋವ್ಯಾಟ್ ಯಾರಿಗೆ ಬೇಕು ಅಂತ ಮೆಸ್ಕಾಂ ಕೇಳಿದರೆ ಆ ಪ್ರಶ್ನೆಯಲ್ಲಿ ನ್ಯಾಯ ಇದೆ. ಆದರೆ ಕವಲು ಲೈನಿನ ಕೊನೆಯ ಮನೆಗೆ ವೋಲ್ಟೇಜ್ ಕುಸಿದಿರುತ್ತಲ್ಲ, ಅಲ್ಲಿ ಪಕ್ಕದ ತೋಡಿನ 1 ಕಿಲೋವ್ಯಾಟ್ ದೂರದ ಲಿಂಗನಮಕ್ಕಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತೆ. ನದಿಗೆ ಅಡ್ಡ ಕಟ್ಟುವ ಮಿನಿ ಹೈಡೆಲ್‌ಗಳ ಪರ ನಾವಿಲ್ಲ, ಅದನ್ನು ಇದರ ಜೊತೆ ಕಲಸಬೇಡಿ. ಇಲ್ಲಿ ನೀರು ಟರ್ಬೈನ್ ದಾಟಿ ಮತ್ತೆ ತೋಡಿಗೋ ತೋಟಕ್ಕೋ ಹೋಗುತ್ತೆ.

ನಿಜವಾದ ಭಯ ಬೇರೆ. ಲೈನ್ ಆಫ್ ಅಂತ ಲೈನ್‌ಮ್ಯಾನ್ ಅಣ್ಣ ಕಂಬ ಹತ್ತಿದಾಗ ಕೆಳಗಿನಿಂದ ಟರ್ಬೈನ್ ಕರೆಂಟ್ ಕೊಡಬಾರದು. ಸೋಲಾರ್ ಇನ್ವರ್ಟರ್ ಇದನ್ನು ತಾನೇ ನೋಡಿಕೊಳ್ಳುತ್ತೆ, ಗ್ರಿಡ್ ಹೋದ ಕೂಡಲೇ ನಿಲ್ಲುತ್ತೆ. ಟರ್ಬೈನಿಗೂ ಅಂಥದ್ದೇ ಬೇಕು, ಜೊತೆಗೆ ಆ ಕ್ಷಣದಲ್ಲಿ ಲೋಡನ್ನು ಮತ್ತೆ ಹಂಡೆಯ ಹೀಟರ್‌ಗೆ ತಿರುಗಿಸುವ ಸ್ವಿಚ್. ಇಲೆಕ್ಟ್ರಿಕಲ್, ಇಲೆಕ್ಟ್ರಾನಿಕ್ಸ್ ಗೆಳೆಯರೇ, ಗೆರೆ ಹಿಡಿದು ಓಡುವ ರೋಬೋ ಈ ವರ್ಷ ಸಾಕು, ಫೈನಲ್ ಇಯರ್ ಪ್ರಾಜೆಕ್ಟಿಗೆ ಇದನ್ನು ತಗೊಳ್ಳಿ.

ಆಯೋಗ ನಿಯಮ ಬದಲಿಸುವ ಮುನ್ನ ಕರಡು ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತೆ. ಬರೀ ಮನವಿಪತ್ರ ಕೊಟ್ಟರೆ ಫೈಲಿಗೆ ಹೋಗುತ್ತೆ. ಒಂದು ಮನೆಯ ಒಂದಿಡೀ ಮಳೆಗಾಲದ ಲೆಕ್ಕ ಜೊತೆಗಿದ್ದರೆ ಮಾತು ಬೇರೆ. ಟರ್ಬೈನ್ ಇನ್ನೂ ತಿರುಗುತ್ತಿರುವ ಮನೆಯವರು ನಿಮ್ಮಲ್ಲಿ ಯಾರಾದರೂ ಇದ್ದರೆ ಸಂಘದ ರೂಮಿಗೆ ಬನ್ನಿ. ಎನರ್ಜಿ ಮೀಟರ್ ನಾವು ತರ್ತೇವೆ, ಜೂನ್ ಒಂದರಿಂದ ಅದು ಹೀಟರ್ ಲೈನಿನಲ್ಲಿ ಕೂರಲಿ.